ತೆಂಗಿನಕಾಯಿಗೂ ಯಂತ್ರಕ್ಕೂ ಒಂದೇ ಪ್ರಶ್ನೆ

ನಮ್ಮ ಗುಬ್ಬಿ ಕಡೆ ಬೋರ್ ಕೊರೆಸುವ ಮುಂಚೆ ಪಾಯಿಂಟ್ ನೋಡಿಸುವುದು ವಾಡಿಕೆ. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ನೀರಿದೆ ಎಂದರ್ಥ. ಈಚೆಗೆ ಆಂಟೆನಾ, ಪರದೆ ಇರುವ ಯಂತ್ರಗಳೂ ಬಂದಿವೆ. ತೆಂಗಿನಕಾಯಿಯನ್ನು ನಂಬದ ಓದಿದವರು ಕೂಡ ‘ಫ್ರೀಕ್ವೆನ್ಸಿ’, ‘ಸ್ಕ್ಯಾನಿಂಗ್’ ಎಂದೊಡನೆ ತಲೆಯಾಡಿಸುತ್ತಾರೆ. ತೋಟಕ್ಕೆ ನೀರು ಹುಡುಕುತ್ತ ನಾನು ಕಲಿತದ್ದಿಷ್ಟು: ಒಂದು ವಿಧಾನ ವಿಜ್ಞಾನವೋ ಅಲ್ಲವೋ ಎಂದು ತಿಳಿಯಲು, ಅದು ತಪ್ಪಿದರೆ ನಮಗೆ ಗೊತ್ತಾಗುವ ದಾರಿ ಇದೆಯೇ ಎಂದು ಕೇಳಬೇಕು.

ನಮ್ಮ ತೋಟದಲ್ಲಿ ಕಾಯಿ ಹಿಡಿದ ಹಿರಿಯರೊಬ್ಬರು ಪಾಯಿಂಟ್ ಗುರುತು ಮಾಡಿದರು. “ಅಣ್ಣ, ಬೇಜಾರ್ ಮಾಡ್ಕೋಬೇಡಿ, ಟವೆಲ್ ಕಟ್ಕೊಂಡು ಇನ್ನೊಂದ್ಸಲ ನೋಡಣ” ಎಂದೆ. ಒಪ್ಪಿದರು. ಕಣ್ಣು ಕಟ್ಟಿ ನಡೆಸಿದಾಗ ಕಾಯಿ ಎದ್ದದ್ದು ಬೇರೆ ಜಾಗದಲ್ಲಿ. ಮತ್ತೆ ನಡೆಸಿದಾಗ ಇನ್ನೊಂದು ಕಡೆ. ಅವರು ಮೋಸಗಾರರಲ್ಲ. ಮನಸ್ಸಿನ ನಿರೀಕ್ಷೆಗೆ ತಕ್ಕಂತೆ ಅಂಗೈ ಅರಿವಿಲ್ಲದೆಯೇ ಚೂರು ವಾಲುತ್ತದೆ, ಕಾಯಿ ಏಳಲು ಅಷ್ಟು ಸಾಕು.

ಆಮೇಲೆ ಭೂವಿಜ್ಞಾನಿಯೊಬ್ಬರನ್ನು ಕರೆಸಿದೆ. ಅವರು ನಾಲ್ಕು ಕಬ್ಬಿಣದ ಸರಳುಗಳನ್ನು ಸಾಲಾಗಿ ನೆಟ್ಟು, ಹೊರಗಿನ ಎರಡರ ಮೂಲಕ ನೆಲಕ್ಕೆ ವಿದ್ಯುತ್ ಹಾಯಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆದರು. ಸರಳುಗಳ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ನಮ್ಮ ಸೀಮೆಯ ನೆಲದಡಿ ಹೆಚ್ಚಾಗಿ ಗಟ್ಟಿ ಕಲ್ಲು; ನೀರು ನಿಲ್ಲುವುದು ಶಿಥಿಲಗೊಂಡ ಪದರದಲ್ಲಿ, ಬಿರುಕುಗಳಲ್ಲಿ. ಅಲ್ಲಿ ವಿದ್ಯುತ್ತಿಗೆ ತಡೆ ಕಡಿಮೆ. ಒದ್ದೆ ಜೇಡಿಯೂ ಹಾಗೇ ತೋರಿಸುವುದರಿಂದ ಅವರು ಅಕ್ಕಪಕ್ಕದ ಬೋರುಗಳ ವಿವರವನ್ನೂ ಕೇಳಿದರು. ಕೊನೆಗೆ, “ಇಲ್ಲಿ ಬಿರುಕಿರೋ ಸಂಭವ ಜಾಸ್ತಿ. ಎಷ್ಟು ಇಂಚು ನೀರು ಅಂತ ಹೇಳಕ್ಕಾಗಲ್ಲ” ಎಂದರು. ತನ್ನ ಮಿತಿಯನ್ನು ತಾನೇ ಹೇಳಿಕೊಂಡ ಆ ಮಾತಿನಿಂದಲೇ ನನಗೆ ನಂಬಿಕೆ ಬಂತು.

ಕಾಯಿಯವರೂ ಯಂತ್ರದವರೂ ಇಂಚಿನ ಲೆಕ್ಕವನ್ನೇ ಕೊಡುತ್ತಾರೆ. ನೀರು ಬಿದ್ದರೆ ಸುದ್ದಿ ಕುಣಿಗಲ್‌ವರೆಗೂ ಹಬ್ಬುತ್ತದೆ. ಬೋರ್ ಫೇಲಾದರೆ “ಇನ್ನೂ ನೂರಡಿ ಇಳಿಸಬೇಕಿತ್ತು”, “ನಿಮ್ಮ ಟೈಮ್ ಸರಿಯಿಲ್ಲ” ಎನ್ನುತ್ತಾರೆ. ಎಂದೂ ಸೋಲದ ವಿದ್ಯೆಗೆ ಪರೀಕ್ಷೆಯೇ ಇಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ಕೇಳಿದ್ದೂ ಇದನ್ನೇ: ಪರೀಕ್ಷೆಗೆ ಬನ್ನಿ.

ರಿಗ್ ಲಾರಿ ಕರೆಸುವ ಮುಂಚೆ ನೀವೂ ಕೇಳಿ. ಕಣ್ಣು ಕಟ್ಟಿದರೂ ಅದೇ ಪಾಯಿಂಟ್ ತೋರಿಸುತ್ತೀರಾ? ಫೇಲಾದ ಬೋರುಗಳ ಲೆಕ್ಕ ಇಟ್ಟಿದ್ದೀರಾ? ಉತ್ತರ ಕೊಡದವರ ಕೈಗೆ ಸಾಲದ ದುಡ್ಡು ಇಡಬೇಡಿ.