ಸಿಮ್ ಹಾಕುವ ಟ್ಯಾಬೋ, ಬರೀ ವೈಫೈಯದ್ದೋ? ರಾಯಚೂರಿಗೆ ಓದಲು ಬರುವ ಮಗಳಿಗೆ

ಪ್ರೀತಿಯ ಮಗಳೇ,

ಪಿಯುಸಿ ಮುಗಿಸಿ ದೇವದುರ್ಗದ ಕಡೆಯ ಹಳ್ಳಿಯಿಂದ ರಾಯಚೂರಿಗೆ ಓದಲು ಬರುತ್ತಿದ್ದೀಯ. ಮನೆಯಲ್ಲಿ ಒಂದು ಟ್ಯಾಬ್ ಕೊಡಿಸಲು ಒಪ್ಪಿದ್ದಾರೆ. ಸಿಮ್ ಹಾಕುವಂಥದ್ದು ತಗೊಳ್ಳಲೋ, ಬರೀ ವೈಫೈಯದ್ದು ಸಾಕೋ ಎಂದು ಕೇಳಿದ್ದೀಯ. ಮಾನ್ವಿಯ ನಿನ್ನ ಅಣ್ಣ ವೈಫೈ ಟ್ಯಾಬ್ ಸಾಕು ಅನ್ನುತ್ತಾನೆ, ಅಂಗಡಿಯವರು ಸಿಮ್ ಇರುವುದನ್ನೇ ತಗೊಳ್ಳಿ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜವಿದೆ, ಆದರೆ ಇಬ್ಬರೂ ನಿನ್ನ ದಿನಚರಿ ಕೇಳಿ ಹೇಳಿದವರಲ್ಲ. ಈ ವರ್ಷ ನಿನ್ನ ಹಾಗೆ ಊರು ಬಿಟ್ಟು ಕಾಲೇಜಿಗೆ ಬರುವ ಎಷ್ಟೋ ಮಕ್ಕಳಿಗೆ ಇದೇ ಪ್ರಶ್ನೆ ಇರುವುದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ನಿನ್ನನ್ನೇ ಒಂದು ಮಾತು ಕೇಳಿಕೋ. ನೀನು ಓದಲು ಕೂರುವ ಹೊತ್ತಿನಲ್ಲಿ ನಿನ್ನದೇ ಆದ ಸ್ಮಾರ್ಟ್‌ಫೋನ್ ನಿನ್ನ ಪಕ್ಕದಲ್ಲಿ ಇರುತ್ತದೆಯೇ? ಟ್ಯಾಬಿನ ಆಯ್ಕೆ ಬಹುಪಾಲು ಇದರ ಮೇಲೇ ನಿಂತಿದೆ.

ಎರಡರ ನಡುವಿನ ವ್ಯತ್ಯಾಸ ದೊಡ್ಡದೇನಲ್ಲ. ಪರದೆ, ಬ್ಯಾಟರಿ, ವೇಗ ಸಾಮಾನ್ಯವಾಗಿ ಒಂದೇ. ಸಿಮ್ ಮಾದರಿಯಲ್ಲಿ ಟವರ್ ಜೊತೆ ಮಾತಾಡುವ ಮೋಡೆಮ್ ಮತ್ತು ಅದಕ್ಕೆ ಬೇಕಾದ ಆಂಟೆನಾ ಹೆಚ್ಚುವರಿಯಾಗಿ ಇರುತ್ತವೆ. ಬರೀ ವೈಫೈ ಟ್ಯಾಬ್ ಹತ್ತಿರದ ರೂಟರ್ ಇಲ್ಲವೇ ಇನ್ನೊಬ್ಬರ ಫೋನಿನ ಹಾಟ್‌ಸ್ಪಾಟ್ ಹಿಡಿದರೆ ಮಾತ್ರ ನೆಟ್ ಕಾಣುತ್ತದೆ.

ನಮ್ಮ ದೇಶ ಈ ಪ್ರಶ್ನೆಯನ್ನು ಹಿಂದೆಯೇ ಎದುರಿಸಿದೆ. 2011ರ ಅಕ್ಟೋಬರ್ 5ರಂದು ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಅಗ್ಗದ ಟ್ಯಾಬ್ ಬಿಡುಗಡೆ ಮಾಡಿದರು. ವಿದ್ಯಾರ್ಥಿಗಳಿಗೆಂದು ಮಾಡಿದ ಆ ಮಾದರಿಯಲ್ಲಿ ವೈಫೈ ಮಾತ್ರ ಇತ್ತು. ಅದನ್ನು ತಯಾರಿಸಿದ ಕಂಪನಿಯೇ ಮಾರುಕಟ್ಟೆಗೆಂದು ಘೋಷಿಸಿದ 2,999 ರೂಪಾಯಿಯ ಮಾದರಿಗೆ ಸಿಮ್ ಸೌಲಭ್ಯ ಇತ್ತು. ವೈಫೈ ಇಲ್ಲದ ಊರಿನ ಮಕ್ಕಳ ಪಾಲಿಗೆ ವೈಫೈ ಟ್ಯಾಬ್, ದುಡ್ಡಿದ್ದು ಕೊಳ್ಳುವವರ ಪಾಲಿಗೆ ಸಿಮ್ ಟ್ಯಾಬ್! ಓದುವ ಮಕ್ಕಳು ಯಾವ ಊರಲ್ಲಿ, ಎಂಥ ಮನೆಯಲ್ಲಿ ಕೂತು ಓದುತ್ತಾರೆ ಎಂಬುದನ್ನು ಮೊದಲು ನೋಡಬೇಕಿತ್ತು. ಆ ಕೆಲಸವನ್ನು ನಾವಾದರೂ ಮಾಡೋಣ.

ನಿನ್ನ ಅಣ್ಣನ ಮನೆಯಿಂದ ಶುರು ಮಾಡೋಣ. ಮಾನ್ವಿ ಪಟ್ಟಣದ ಮನೆ, ತಿಂಗಳಿಗೆ ನಾನೂರು ಐನೂರು ರೂಪಾಯಿಯ ಫೈಬರ್ ಸಂಪರ್ಕ, ಮನೆಯಿಂದ ಕಾಲೇಜಿಗೆ ಹೋಗಿ ಬರುವ ಹುಡುಗ. ಕೈಯಲ್ಲಿ ಅವನದೇ ಫೋನ್ ಬೇರೆ. ಅವನಿಗೆ ವೈಫೈ ಟ್ಯಾಬೇ ಸರಿ. ಸಿಮ್‌ಗೆಂದು ಹೆಚ್ಚು ಕೊಟ್ಟಿದ್ದರೆ ಆ ಹಣ ದಂಡ.

ಇನ್ನು ನಿನ್ನ ಊರಿನ ಮನೆ. ಮನೆಗೆಲ್ಲ ಸೇರಿ ಇರುವುದು ಒಂದೋ ಎರಡೋ ಫೋನ್. ಒಂದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಹತ್ತಿ ಹೊಲಕ್ಕೆ ಹೋಗುತ್ತದೆ, ಇನ್ನೊಂದು ದುಡಿಯಲು ಬೆಂಗಳೂರಿಗೆ ಹೋದ ತಮ್ಮನ ಹತ್ತಿರ ಇದೆ. ಅಲ್ಲಿ ವೈಫೈ ಟ್ಯಾಬ್ ಹಿಡಿದು ಕೂತರೆ, ಅಪ್ಪ ಬರುವ ತನಕ ಅದರಲ್ಲಿ ಇಳಿಸಿಟ್ಟದ್ದು ಬಿಟ್ಟು ಬೇರೇನೂ ತೆರೆಯುವುದಿಲ್ಲ. ಅಪ್ಪ ಬಂದ ಮೇಲೂ ಆ ಫೋನಿನ ದಿನದ ಒಂದೂವರೆ ಜಿಬಿ ಡೇಟಾದಲ್ಲಿ ಉಳಿದದ್ದಷ್ಟೇ ನಿನಗೆ. ಕೋಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದರಲ್ಲಿ ಪಾಠದ ವಿಡಿಯೊ ಓಡುವ ಮಾತೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಪಾಡು ನಿನಗೆ ಗೊತ್ತು. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದರೆ ಮಾತ್ರ ಅವರಿಗೆ ನೀರು. ಬೇರೆಯವರ ಹಾಟ್‌ಸ್ಪಾಟ್ ನಂಬಿ ಓದುವ ಹುಡುಗಿ ಹಾಗೆಯೇ ಕೊನೆ ಭಾಗದಲ್ಲಿ ಕೂತಿರುತ್ತಾಳೆ.

ನೀನು ಇಲ್ಲಿ ಉಳಿಯುವ ಹಾಸ್ಟೆಲ್ ಇವೆರಡರ ನಡುವೆ ಬರುತ್ತದೆ. ವೈಫೈ ಇದೆ ಎಂದು ಪ್ರವೇಶದ ದಿನ ಹೇಳುತ್ತಾರೆ. ನೀನು ಹಿಂದಿನ ವರ್ಷದ ಹುಡುಗಿಯರನ್ನು ಕೇಳು. ರಾತ್ರಿ ಎಂಟರಿಂದ ಹತ್ತರವರೆಗೆ, ಎಲ್ಲರೂ ಒಟ್ಟಿಗೆ ಕೂತಾಗ, ಕೋಣೆಯೊಳಗೆ ವಿಡಿಯೊ ನಿಲ್ಲದೆ ಓಡುತ್ತದೆಯೇ? ಕರೆಂಟ್ ಹೋದಾಗ ರೂಟರ್ ನಡೆಯುತ್ತದೆಯೇ? ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ ಇದ್ದರೂ ನಮ್ಮ ಜಿಲ್ಲೆಯ ಮನೆಗಳಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ರೂಟರ್ ಕೂಡಲೇ ಆರುತ್ತದೆ. ಟವರಿಗೆ ಬ್ಯಾಟರಿ ಇರುವುದರಿಂದ ಸಿಮ್ ಟ್ಯಾಬಿಗೆ ಇನ್ನಷ್ಟು ಹೊತ್ತು ನೆಟ್ ಸಿಗುತ್ತದೆ.

ಈಗ ಹಣದ ಲೆಕ್ಕ. 2025ರ ಮಾರ್ಚ್‌ನಲ್ಲಿ ಬಂದ ಸಾಮಾನ್ಯ ಐಪ್ಯಾಡ್‌ಗೆ ಬಿಡುಗಡೆಯ ಬೆಲೆ ವೈಫೈ ಮಾದರಿಗೆ 34,900, ಸಿಮ್ ಮಾದರಿಗೆ 49,900 ರೂಪಾಯಿ. ಬರೀ ನೆಟ್‌ಗೆಂದು 15,000 ಹೆಚ್ಚು. ಅಷ್ಟು ಹಣಕ್ಕೆ ಒಂದು ಒಳ್ಳೆಯ ಫೋನೇ ಬರುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಈ ಅಂತರ ಸಾಮಾನ್ಯವಾಗಿ ಕೆಲವು ಸಾವಿರದಷ್ಟೇ. ಕೊಂಡ ಮೇಲೂ ಖರ್ಚು ನಿಲ್ಲುವುದಿಲ್ಲ. ರೀಚಾರ್ಜ್ ಅವಧಿ 28 ದಿನವಾದರೆ ವರ್ಷಕ್ಕೆ 13 ಸಲ ಹಾಕಿಸಬೇಕು. ಒಂದಕ್ಕೆ 300 ಎಂದಿಟ್ಟುಕೊಂಡರೂ ವರ್ಷಕ್ಕೆ 3,900 ರೂಪಾಯಿ. ಕೊಳ್ಳುವ ದಿನವೇ ಈ ಮಾತನ್ನು ಅಪ್ಪನಿಗೆ ಹೇಳು. ರೀಚಾರ್ಜ್ ನಿಂತರೆ ಸಿಮ್ ಟ್ಯಾಬ್ ಕೂಡ ಬರೀ ವೈಫೈ ಟ್ಯಾಬೇ.

ಸಿಮ್ ಇರುವುದನ್ನೇ ಕೊಳ್ಳುವುದಾದರೆ ಕೆಲವು ಸಂಗತಿ ನೋಡಿಕೊಳ್ಳಬೇಕು. ಒಂದು, ಬ್ಯಾಂಡ್‌ಗಳು. ಹಳ್ಳಿಯಲ್ಲಿ ದೂರದ ಟವರಿನಿಂದ ಗೋಡೆ ದಾಟಿ ಒಳಗೆ ಬರುವುದು ಕಡಿಮೆ ಕಂಪನಾಂಕದ ತರಂಗ. ಜಿಯೋಗೆ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5, ಏರ್‌ಟೆಲ್‌ಗೆ 900ರ ಬ್ಯಾಂಡ್ 8, ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ 700ರ ಬ್ಯಾಂಡ್ 28 ಟ್ಯಾಬಿನ ವಿವರಪಟ್ಟಿಯಲ್ಲಿ ಇರಲೇಬೇಕು. ಹೊರದೇಶದಿಂದ ತಂದ ಅಗ್ಗದ ಟ್ಯಾಬ್‌ಗಳಲ್ಲಿ ಇವು ಇಲ್ಲದಿರಬಹುದು. ಎರಡು, ಸಿಮ್ ಹಾಕುವ ಜಾಗ. ಹೊಸ ಐಪ್ಯಾಡ್‌ಗಳಿಗೆ ಇ-ಸಿಮ್ ಮಾತ್ರ. ಅಪ್ಪನ ಹಳೆಯ ಸಿಮ್ ತೆಗೆದು ಹಾಕಲು ಆಗುವುದಿಲ್ಲ. ಮೂರು, ಕರೆ ಮತ್ತು ಒಟಿಪಿ. ಐಪ್ಯಾಡ್‌ನಲ್ಲಿ ಸಿಮ್ ಇದ್ದರೂ ಸಾಮಾನ್ಯ ಕರೆ ಮಾಡಲಾಗದು. ಕೆಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕರೆಯೂ ಆಗುತ್ತದೆ, ಒಟಿಪಿಯ ಎಸ್‌ಎಂಎಸ್ ಕೂಡ ಬರುತ್ತದೆ. ಸ್ಕಾಲರ್‌ಶಿಪ್ ಅರ್ಜಿಗೆ, ಬ್ಯಾಂಕಿಗೆ ಒಟಿಪಿ ಬೇಕಾಗುವ ನಿನ್ನಂಥವಳಿಗೆ, ಕೈಯಲ್ಲಿ ಫೋನ್ ಇಲ್ಲದಿದ್ದರೆ, ಇದು ಸಣ್ಣ ಅನುಕೂಲವಲ್ಲ. ನಾಲ್ಕು, 18 ತುಂಬಿದ್ದರೆ ಸಿಮ್ ನಿನ್ನ ಹೆಸರಿನಲ್ಲೇ ಇರಲಿ. ಯಾವ ಕಂಪನಿಯದು ಎಂದು ಅಂಗಡಿಯಲ್ಲಿ ತೀರ್ಮಾನಿಸಬೇಡ. ನಿನ್ನ ಊರಿನ ಮನೆಯೊಳಗೆ, ಗಬ್ಬೂರು ದಾಟುವ ಬಸ್ಸಿನಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಯಾರ ಸಿಗ್ನಲ್ ಸಿಗುತ್ತದೆ ಎಂದು ಬೇರೆಯವರ ಫೋನ್ ನೋಡಿ ಆರಿಸು.

ಕೃಷಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ ಇನ್ನೊಂದು ಮಾತು. ಹೊಲದಲ್ಲಿ ನಿಂತು ಜಾಗ ಗುರುತಿಸುವ, ಬೆಳೆಯ ಚಿತ್ರ ತೆಗೆಯುವ ಕೆಲಸಕ್ಕೆ ಜಿಪಿಎಸ್ ಬೇಕು. ಐಪ್ಯಾಡ್‌ನ ವೈಫೈ ಮಾದರಿಯಲ್ಲಿ ಅದು ಇಲ್ಲ, ಸಿಮ್ ಮಾದರಿಯಲ್ಲಿ ಇದೆ. ಆಂಡ್ರಾಯ್ಡ್‌ನಲ್ಲಿ ವೈಫೈ ಮಾದರಿಗಳಲ್ಲೂ ಕೆಲವಕ್ಕೆ ಇರುತ್ತದೆ. ಕೇಳಿಯೇ ಕೊಳ್ಳು.

ನಮ್ಮ ಬಿಸಿಲನ್ನೂ ಮರೆಯಬೇಡ. ಐಪ್ಯಾಡನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಹೇಳುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಸಾಮಾನ್ಯ. ಸಿಗ್ನಲ್ ಕಡಿಮೆ ಇರುವಲ್ಲಿ ಮೋಡೆಮ್ ಹೆಚ್ಚು ಶಕ್ತಿ ಹಾಕುವುದರಿಂದ ಟ್ಯಾಬ್ ಇನ್ನಷ್ಟು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಹಾಟ್‌ಸ್ಪಾಟ್ ಕೊಡುವ ಫೋನಿಗೂ ಇದೇ ಕಥೆ. ಚಾರ್ಜಿಗೆ ಹಾಕಿಕೊಂಡು ಮಧ್ಯಾಹ್ನದ ಸೆಕೆಯಲ್ಲಿ ವಿಡಿಯೊ ನೋಡಬೇಡ.

ಯಾವುದನ್ನೇ ಕೊಂಡರೂ ನೆಟ್ ಸಿಕ್ಕಾಗ ಇಳಿಸಿಟ್ಟುಕೊಳ್ಳುವ ರೂಢಿ ಬೆಳೆಸಿಕೋ. ಎನ್‌ಪಿಟಿಇಎಲ್ ಪಾಠಗಳನ್ನು, ದೀಕ್ಷಾ ಆ್ಯಪ್‌ನ ಪಾಠಗಳನ್ನು, ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳನ್ನು ಇಳಿಸಿಕೊಂಡರೆ ಸಿಗ್ನಲ್ ಇಲ್ಲದಲ್ಲೂ ಓದಬಹುದು. ಆದ್ದರಿಂದ ಸ್ಟೋರೇಜ್‌ನಲ್ಲಿ ಜಿಪುಣತನ ಬೇಡ, 128 ಜಿಬಿಗೆ ಕಡಿಮೆ ಇರುವುದು ಬೇಡ. ಊರಿಗೆ ಹೋದಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ನೆಟ್ ಇದೆಯೇ ಎಂದು ವಿಚಾರಿಸು. ಕೇಳುವವರು ಬಂದರೆ ತಾನೇ ಅಂಥ ಕೇಂದ್ರಗಳ ಬಾಗಿಲು ತೆರೆದಿರುವುದು.

ಕೊನೆಯದಾಗಿ ನನ್ನ ತೀರ್ಮಾನ. ನಿನ್ನದೇ ಫೋನ್ ಇದ್ದು, ಅದಕ್ಕೆ ಸಾಕಷ್ಟು ಡೇಟಾ ಹಾಕಿಸುವ ಶಕ್ತಿ ಇದ್ದರೆ ವೈಫೈ ಟ್ಯಾಬ್ ತಗೋ, ಉಳಿದ ಹಣವನ್ನು ಸ್ಟೋರೇಜ್‌ಗೆ ಹಾಕು. ನಿನ್ನ ಹತ್ತಿರ ಫೋನ್ ಇಲ್ಲದಿದ್ದರೆ, ಕರೆಯೂ ಬರುವ ಸಿಮ್ ಇರುವ ಆಂಡ್ರಾಯ್ಡ್ ಟ್ಯಾಬ್ ತಗೋ. ಅದು ಸ್ವಲ್ಪ ನಿಧಾನದ್ದಾದರೂ ನಡೆಯುತ್ತದೆ.

ಇದನ್ನು ಓದುತ್ತಿರುವ ತಂದೆತಾಯಂದಿರಲ್ಲಿ ಒಂದು ವಿನಂತಿ. ಗಂಡುಮಗನಿಗೆ ಕೇಳದೆಯೇ ಫೋನ್ ಕೊಡಿಸುತ್ತೀರಿ, ಹೆಣ್ಣುಮಗಳಿಗೆ ಟ್ಯಾಬ್ ಕೊಡಿಸಿ ಸಿಮ್ ಮಾತ್ರ ಬೇಡ ಅನ್ನುತ್ತೀರಿ. ಊರು ಬಿಟ್ಟು ಓದಲು ಕಳಿಸುವಷ್ಟು ನಂಬಿಕೆ ಅವಳ ಮೇಲೆ ಇಟ್ಟಿದ್ದೀರಿ. ಅವಳ ಹೆಸರಿನಲ್ಲಿ ಒಂದು ಸಿಮ್ ಕೂಡ ಕೊಡಿಸಿ.

ನಿನ್ನ ಹಿತ ಬಯಸುವ,
ದೊಡ್ಡಪ್ಪ
ರಾಯಚೂರು