ಸಂಶೋಧಕರ ಲೆಕ್ಕವೂ ತಪಾಸಣೆಗೆ ತೆರೆದಿರಲಿ

ವರ್ಷಾಂತ್ಯದಲ್ಲಿ ಆಢಾವೆ ಪತ್ರಿಕೆಯೊಂದಿಗೆ ಮೂಲ ವೋಚರುಗಳನ್ನೂ ಲೆಕ್ಕ ಪರಿಶೋಧಕರ ಮುಂದಿಡುವ ಪದ್ಧತಿ ವರ್ತಕ ಬಾಂಧವರಿಗೆ ಹೊಸದಲ್ಲ. ಸಂಶೋಧಕರು ತಮ್ಮ ಮೂಲ ಅಂಕಿ-ಅಂಶಗಳನ್ನು ಇತರರಿಗೆ ತೆರೆದಿಡಬೇಕೆಂಬ ಮಾತಿನ ಹಿಂದಿರುವ ತತ್ತ್ವವೂ ಇದೇ. ಒಂದು ನೈಜ ಪ್ರಕರಣದ ಮೂಲಕ ಇದನ್ನು ಪರಿಶೀಲಿಸೋಣ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಹಾಗೂ ಕೆನೆತ್ ರೋಗಾಫ್ ಅವರು 2010ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. 20 ಮುಂದುವರಿದ ರಾಷ್ಟ್ರಗಳ 1946ರಿಂದ 2009ರವರೆಗಿನ ಲೆಕ್ಕದ ಪ್ರಕಾರ, ಸರ್ಕಾರದ ಸಾಲವು ರಾಷ್ಟ್ರೀಯ ಉತ್ಪನ್ನದ ಶೇ. 90ನ್ನು ಮೀರಿದಾಗ ಸರಾಸರಿ ಬೆಳವಣಿಗೆ ದರ ಶೇ. -0.1ಕ್ಕೆ ಕುಸಿಯುತ್ತದೆಂಬುದು ಅದರ ಸಾರಾಂಶ. ಸರ್ಕಾರಿ ವೆಚ್ಚ ಕಡಿತವನ್ನು ಸಮರ್ಥಿಸಲು ಯುರೋಪು, ಅಮೆರಿಕಗಳ ರಾಜಕಾರಣಿಗಳು ಈ ಪ್ರಬಂಧವನ್ನು ಉಲ್ಲೇಖಿಸತೊಡಗಿದರು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಈ ಲೆಕ್ಕವನ್ನು ತಾಳೆ ನೋಡಲು ಯತ್ನಿಸಿದರು, ಹೊಂದಲಿಲ್ಲ. ಕೋರಿಕೆಯ ಮೇರೆಗೆ ಲೇಖಕರು ತಮ್ಮ ಎಕ್ಸೆಲ್ ಕಡತವನ್ನೇ ಕಳುಹಿಸಿಕೊಟ್ಟರು. ಅದನ್ನು ಆಧರಿಸಿ ಹರ್ನ್‌ಡನ್ ಮತ್ತು ಅವರ ಅಧ್ಯಾಪಕರು 2013ರಲ್ಲಿ ಮೂರು ದೋಷಗಳನ್ನು ಎತ್ತಿ ತೋರಿಸಿದರು:

1. ಸರಾಸರಿಯ ಸೂತ್ರವು 20 ಸಾಲುಗಳ ಬದಲು 15ನ್ನು ಮಾತ್ರ ಒಳಗೊಂಡಿತ್ತು. ಐದು ದೇಶಗಳು ಬಿಟ್ಟುಹೋಗಿದ್ದವು.

2. ಲಭ್ಯವಿದ್ದ ಕೆಲವು ವರ್ಷಗಳ ಅಂಕಿಗಳು, ಉದಾಹರಣೆಗೆ ನ್ಯೂಜಿಲೆಂಡಿನ 1946ರಿಂದ 1949ರವರೆಗಿನವು, ಸೇರಿರಲಿಲ್ಲ.

3. ಬ್ರಿಟನ್ನಿನ 19 ವರ್ಷಗಳ ಶೇ. 2.4ರ ಸರಾಸರಿಗೂ ನ್ಯೂಜಿಲೆಂಡಿನ ಒಂದೇ ವರ್ಷದ ಶೇ. -7.6ಕ್ಕೂ ಸಮಾನ ತೂಕ ನೀಡಲಾಗಿತ್ತು. ಒಬ್ಬ ಗಿರಾಕಿಗೆ 19 ಚೀಲ ಲಾಭಕ್ಕೂ, ಇನ್ನೊಬ್ಬನಿಗೆ ಒಂದು ಚೀಲ ನಷ್ಟಕ್ಕೂ ಮಾರಿ, ಎರಡನ್ನೂ ಸರಿಸಮ ಎಣಿಸಿದಂತೆ!

ಇವನ್ನು ಸರಿಪಡಿಸಿದಾಗ ದೊರೆತ ಸರಾಸರಿ ಶೇ. 2.2. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು; ಸಾಲ ಹೆಚ್ಚಿದಂತೆ ಬೆಳವಣಿಗೆ ತಗ್ಗುತ್ತದೆಂಬ ತಮ್ಮ ನಿಲುವನ್ನು ಮಾತ್ರ ಬಿಡಲಿಲ್ಲ. ಆ ಚರ್ಚೆ ಏನೇ ಇರಲಿ, ಮೂರು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪು ಕಡತ ತೆರೆದೊಡನೆ ಸಿಕ್ಕಿತೆಂಬುದು ಗಮನಾರ್ಹ. ಪ್ರಬಂಧದೊಂದಿಗೇ ಕಡತವೂ ಪ್ರಕಟವಾಗಿದ್ದರೆ ತಿದ್ದುಪಡಿ ಎಷ್ಟೋ ಮೊದಲೇ ಆಗಬಹುದಿತ್ತು.

ತೆರೆದಿಡುವುದರಿಂದ ಸಂಶೋಧಕರಿಗೇ ಲಾಭ. ತಪ್ಪು ಬೇಗ ತಿದ್ದಲ್ಪಡುತ್ತದೆ. ಒಬ್ಬರು ಶ್ರಮಿಸಿ ಕಲೆಹಾಕಿದ್ದನ್ನು ಮತ್ತೊಬ್ಬರು ಪುನಃ ಕಲೆಹಾಕಬೇಕಿಲ್ಲ. ಪರೀಕ್ಷೆಗೆ ನಿಂತು ಉಳಿದ ಫಲಿತಾಂಶಕ್ಕೆ ಬೆಲೆಯೂ ಹೆಚ್ಚು. ರೋಗಿಗಳ ಖಾಸಗಿ ವಿವರ, ಉದ್ಯಮದ ಗುಟ್ಟುಗಳಿಗೆ ರಕ್ಷಣೆ ಬೇಕೆಂಬುದು ನಿಜ. ಆದರೆ ಸರ್ಕಾರದ ನೀತಿಗೆ ಆಧಾರವಾಗುವ ಲೆಕ್ಕಕ್ಕೆ ಮುಚ್ಚುಮರೆ ಸಲ್ಲದು.

ಸರ್ಕಾರ ವೆಚ್ಚ ತಗ್ಗಿಸಿದರೆ ಸಣ್ಣ ಕಾರ್ಖಾನೆಯ ಆರ್ಡರುಗಳೂ ತಗ್ಗುತ್ತವೆ. ಆದುದರಿಂದ ಮುಂದೆ ಯಾವುದೇ ಅಧ್ಯಯನ ವರದಿ ತಮ್ಮ ಕೈಸೇರಿದಾಗ, ಕೊನೆಯ ಅಂಕಿಯನ್ನು ನಂಬುವ ಮುನ್ನ "ಮೂಲ ಲೆಕ್ಕ ಎಲ್ಲಿದೆ?" ಎಂದು ಕೇಳುವುದು ಒಳಿತು. ನಮ್ಮ ಸ್ವಂತ ಎಕ್ಸೆಲ್ ಹಾಳೆಗಳ ಸೂತ್ರದಲ್ಲಿ ಎಲ್ಲ ಸಾಲುಗಳೂ ಸೇರಿವೆಯೇ ಎಂಬುದನ್ನೂ ಇಂದೇ ಪರಿಶೀಲಿಸಬಹುದು.