ಅಪ್ಪ ಬರೆಸಿಟ್ಟ ಹೆಸರು

ಸೇನೆಯಿಂದ ನಿವೃತ್ತರಾದ ಹವಾಲ್ದಾರರೊಬ್ಬರು ತೀರಿಕೊಂಡರೆ ಅವರ ಪಿಂಚಣಿ ಪೂರ್ತಿಯಾಗಿ ಹೆಂಡತಿಗೆ ಬರುವುದಿಲ್ಲ. ನಿವೃತ್ತಿ ಪಿಂಚಣಿ ಕೊನೆಯ ವೇತನದ ಶೇ 50ರಷ್ಟು, ಕುಟುಂಬ ಪಿಂಚಣಿ ಶೇ 30ರಷ್ಟು. ನೂರು ರೂಪಾಯಿ ಬರುತ್ತಿದ್ದ ಮನೆಗೆ ಸುಮಾರು ಅರವತ್ತು ಬರುತ್ತದೆ. ನಿವೃತ್ತರು 67 ತುಂಬುವ ಮೊದಲೇ ಹೋದರೆ ಏಳು ವರ್ಷ, ಇಲ್ಲವೇ ಅವರಿಗೆ 67 ತುಂಬಬೇಕಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರ ಸಿಗುತ್ತದೆ. ನಮ್ಮಪ್ಪ 2023ರಲ್ಲಿ, 75ರ ವಯಸ್ಸಿನಲ್ಲಿ ತೀರಿಕೊಂಡರು. ಹಾಗಾಗಿ ಅಮ್ಮನಿಗೆ ಮೊದಲ ದಿನದಿಂದಲೇ ಅರವತ್ತರ ಲೆಕ್ಕ. ದಿನಸಿ, ಕರೆಂಟು ಬಿಲ್ಲು, ತೋಟದ ಆಳಿನ ಕೂಲಿ ಯಾವುದೂ ಅರವತ್ತಕ್ಕೆ ಇಳಿಯಲಿಲ್ಲ. ಆದರೂ ಅಮ್ಮ ಯಾರ ಮುಂದೆಯೂ ಕೈ ಚಾಚಲಿಲ್ಲ, ಮಕ್ಕಳ ಮುಂದೆಯೂ. ಅದು ಹೇಗಾಯಿತೆಂದು ಹೇಳಿದರೆ ಅಪ್ಪ ಎಂಥವರಾಗಿದ್ದರು ಅಂತಲೂ ಹೇಳಿದಂತಾಗುತ್ತದೆ.

ಅರಸೀಕೆರೆ ತಾಲ್ಲೂಕಿನ ಹಳ್ಳಿಯಿಂದ ಹದಿನೆಂಟರ ಹುಡುಗನಾಗಿ ಅವರು ಬೆಂಗಳೂರಿನ ಹಲಸೂರಿಗೆ ಹೋಗಿ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದ್ದು 1966ರಲ್ಲಿ. ಎಂಇಜಿ ಅಂದರೆ ಬೆಂಗಳೂರಿನವರಿಗೆ ಗೊತ್ತು. 1780ರಲ್ಲಿ ಶುರುವಾದ ದಳ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ ತೆಗೆಯುವುದು ಸ್ಯಾಪರ್‌ಗಳ ಕೆಲಸ. 1971ರ ಡಿಸೆಂಬರಿನಲ್ಲಿ ಅವರು ಪಶ್ಚಿಮದ ಗಡಿಯಲ್ಲಿದ್ದರು. ಶಕರ್‌ಗಢದ ಕಡೆ, ಬಸಂತರ್ ನದಿಯ ಆಸುಪಾಸಿನಲ್ಲಿ ಪಾಕಿಸ್ತಾನ ಉದ್ದಕ್ಕೂ ಬಾಂಬ್ ಹೂತಿಟ್ಟಿತ್ತು. ಟ್ಯಾಂಕುಗಳು ದಾಟಬೇಕಾದರೆ ಮೊದಲು ಸ್ಯಾಪರ್‌ಗಳು ಹೋಗಿ ದಾರಿ ತೆರವು ಮಾಡಬೇಕು. ತೆರವಾದ ದಾರಿಯ ಎರಡೂ ಬದಿಗೆ ಬಿಳಿ ಪಟ್ಟಿ ಎಳೆಯುತ್ತಿದ್ದೆವು, ಹಿಂದೆ ಬರೋರು ಯೋಚನೆ ಮಾಡದೆ ಅದರೊಳಗೆ ನಡೆದರೆ ಸಾಕು ಅನ್ನುತ್ತಿದ್ದರು. ಯುದ್ಧದ ಬಗ್ಗೆ ಅವರು ಅದಕ್ಕಿಂತ ಹೆಚ್ಚು ಮಾತಾಡಿದ್ದು ಕಡಿಮೆ. ಮನೆಯ ಹಣದ ವಿಚಾರದಲ್ಲೂ ಅವರು ಮಾಡಿದ್ದು ಅದೇ ಕೆಲಸ: ಹಿಂದೆ ಬರುವವರಿಗಾಗಿ ಪಟ್ಟಿ ಎಳೆದಿಟ್ಟದ್ದು.

1975ರಲ್ಲಿ ಮದುವೆಯಾಯಿತು. ರಜೆ ಮುಗಿಸಿ ಯೂನಿಟ್ಟಿಗೆ ವಾಪಸಾದ ಕೂಡಲೇ ಮಾಡಿಸಿದ ಮೊದಲ ಕೆಲಸ ಪಾರ್ಟ್ ಟೂ ಆರ್ಡರ್. ಸೈನಿಕನ ಮದುವೆ, ಮಕ್ಕಳ ಜನನ ಎಲ್ಲ ಆ ಆದೇಶದ ಮೂಲಕವೇ ದಾಖಲೆಗೆ ಹತ್ತಬೇಕು. "ಪಾರ್ಟ್ ಟೂ ಆಗಿಲ್ಲ ಅಂದ್ರೆ ಸರ್ಕಾರದ ಲೆಕ್ಕದಲ್ಲಿ ನಿಮ್ಮಮ್ಮ ಹುಟ್ಟೇ ಇಲ್ಲ, ಮಗಾ" ಅನ್ನುತ್ತಿದ್ದರು. ಅಮ್ಮನ ಹೆಸರು ಆಗ ಹಳ್ಳಿಯಲ್ಲಿ ಕರೆಯುವಂತೆ ಕೊನೆಗೊಂದು 'ಅಮ್ಮ' ಸೇರಿ ದಾಖಲಾಗಿತ್ತು. ಮತದಾರರ ಚೀಟಿಯಲ್ಲಿ, ಮುಂದೆ ಆಧಾರ್‌ನಲ್ಲಿ ಅದು ಬಿಟ್ಟುಹೋಯಿತು. ಹುಟ್ಟಿದ ತಾರೀಖಿನ ಜಾಗದಲ್ಲಿ ಬರೀ ಇಸವಿ ಇತ್ತು. ಎಪ್ಪತ್ತು ಸಮೀಪಿಸಿದ ಮೇಲೂ ಅಪ್ಪ ಅಫಿಡವಿಟ್ ಮಾಡಿಸಿ, ಅಮ್ಮನ ಶಾಲೆಯ ದಾಖಲೆ ಹುಡುಕಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಎಂಇಜಿ ರೆಕಾರ್ಡ್ಸ್‌ಗೆ ಕಳಿಸಿ, ಹೆಸರು ಮತ್ತು ತಾರೀಖು ಎರಡನ್ನೂ ಸರಿಮಾಡಿಸಿದರು. ಮೊಣಕಾಲು ನೋವಿನಲ್ಲಿ ಬಸ್ಸು ಹತ್ತಿ ಇಳಿಯುವುದನ್ನು ಕಂಡು "ಇಷ್ಟಕ್ಕೆ ಯಾಕಪ್ಪಾ" ಎಂದು ಕೇಳಿದ್ದೆ. ಹೆಸರಿನಲ್ಲಿ ಒಂದಕ್ಷರ ಬೇರೆಯಿದ್ದರೂ ಅರ್ಜಿ ವಾಪಸು ಬರುತ್ತದೆ, ಆಗ ಅಲೆಯಬೇಕಾದವಳು ಅವಳೊಬ್ಬಳೇ ಎಂದರು. ತಾರೀಖಿಗೆ ಇನ್ನೂ ಒಂದು ಕಾರಣವಿತ್ತು. ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದರೆ ಶೇ 20 ಹೆಚ್ಚುವರಿ ಸಿಗುತ್ತದೆ, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಶೇ 100. ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ಹುಟ್ಟಿದ ತಾರೀಖು ಸರಿಯಾಗಿಲ್ಲದಿದ್ದರೆ, ದುಡ್ಡು ಅತಿ ಹೆಚ್ಚು ಬೇಕಾದ ವಯಸ್ಸಿನಲ್ಲಿ ವಯಸ್ಸನ್ನೇ ಸಾಬೀತು ಮಾಡುತ್ತ ಕೂರಬೇಕಾಗುತ್ತದೆ. ಅಮ್ಮನಿಗೆ 80 ತುಂಬುವುದು 2034ರಲ್ಲಿ. ತಾವಿಲ್ಲದ ಆ ವರ್ಷಕ್ಕೂ ಅಪ್ಪ ತಯಾರಿ ಮಾಡಿಟ್ಟಿದ್ದರು.

1990ರಲ್ಲಿ, 24 ವರ್ಷ ಮುಗಿಸಿ ಊರಿಗೆ ಬಂದಾಗ ಅವರಿಗೆ 42. ಪಿಂಚಣಿಯ ಒಂದು ಪಾಲನ್ನು ಮಾರಿ ಇಡಿಗಂಟು ತೆಗೆದುಕೊಂಡಿದ್ದರು. ಕಮ್ಯುಟೇಷನ್ ಅನ್ನುವುದು ಇದನ್ನೇ. ಅದರಿಂದ ಅಮ್ಮನ ಹೆಸರಿನಲ್ಲಿ ಮನೆ ಎದ್ದಿತು, ತೆಂಗಿನ ತೋಟಕ್ಕೆ ಬೋರು ಬಂತು. ಹೀಗೆ ಮಾರಿದರೆ ಮುಂದೆ ಹೆಂಡತಿಯ ಪಿಂಚಣಿಯೂ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಆಗುವುದಿಲ್ಲ, ಕುಟುಂಬ ಪಿಂಚಣಿಯ ಲೆಕ್ಕಕ್ಕೂ ಕಮ್ಯುಟೇಷನ್ನಿಗೂ ಸಂಬಂಧವಿಲ್ಲ. ಮಾರಿದ ಪಾಲು 15 ವರ್ಷಕ್ಕೆ ಮರಳಿ ಸೇರುತ್ತದೆ. ಅಪ್ಪನಿಗೆ ಅದು ಸೇರಿದ್ದು 2005ರಲ್ಲಿ. ಅಷ್ಟು ವರ್ಷ ಆ ದುಡ್ಡಿಲ್ಲದೆ ಮನೆ ನಡೆದಿದೆ, ಇನ್ನೂ ನಡೆಯುತ್ತದೆ ಎಂದು ನಿರ್ಧರಿಸಿ, ಆ ಮೊತ್ತವನ್ನು ಪ್ರತಿ ತಿಂಗಳು ಅಂಚೆ ಕಚೇರಿಯಲ್ಲಿ ಅಮ್ಮನ ಹೆಸರಿನ ಆರ್‌ಡಿಗೆ ಕಟ್ಟಿದರು. ಆರ್‌ಡಿ ಮಾಗಿದಾಗ ಠೇವಣಿ, ಅಮ್ಮನಿಗೆ 60 ತುಂಬಿದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಗಂಡ ಕೊಟ್ಟ ಹಣದ ಬಡ್ಡಿ ತೆರಿಗೆಯ ಲೆಕ್ಕದಲ್ಲಿ ಗಂಡನ ಆದಾಯಕ್ಕೇ ಸೇರುತ್ತದೆ ಎಂಬುದೂ ಗೊತ್ತಿತ್ತು, ಹಾಗೆಯೇ ಲೆಕ್ಕ ಕೊಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಬರುವ ಆ ಬಡ್ಡಿಯೇ ಈಗ ನೂರಕ್ಕೂ ಅರವತ್ತಕ್ಕೂ ನಡುವಿನ ಕಂದರವನ್ನು ಮುಚ್ಚುತ್ತಿದೆ. ಹಣಕಾಸಿನ ಬಗ್ಗೆ ಬರೆಯುವ ಕೆಲಸದಲ್ಲಿ ನಾನು ಎಷ್ಟೋ ಯೋಜನೆಗಳನ್ನು ನೋಡಿದ್ದೇನೆ. ಕೈಗೆ ಹೊಸದಾಗಿ ಬಂದ ದುಡ್ಡನ್ನು ಬದುಕಿನ ಖರ್ಚಿಗೆ ರೂಢಿಯಾಗುವ ಮೊದಲೇ ಬೇರೆ ತೆಗೆದಿಟ್ಟ ಈ ನಡೆಗಿಂತ ಒಳ್ಳೆಯದನ್ನು ಕಂಡಿಲ್ಲ.

ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಇಬ್ಬರೂ ಅರಸೀಕೆರೆಗೆ ಹೋಗುತ್ತಿದ್ದರು. ಕೊಡಬೇಕಾದವರು ಅಪ್ಪ ಒಬ್ಬರೇ, ಆದರೆ ಕೌಂಟರಿನಲ್ಲಿ ಮಾತಾಡುತ್ತಿದ್ದವರು ಅಮ್ಮ. ಪಾಸ್‌ಬುಕ್ ಎಂಟ್ರಿ, ಚೀಟಿ ತುಂಬುವುದು, ತುಟ್ಟಿಭತ್ಯೆ ಏರಿದೆಯೇ ಎಂದು ನೋಡುವುದು ಎಲ್ಲ ಅವರದೇ. ಅಪ್ಪ ಬೆಂಚಿನ ಮೇಲೆ ಕೂತಿರುತ್ತಿದ್ದರು. ಆಮೇಲೆ ಹೋಟೆಲಿನಲ್ಲಿ ಇಬ್ಬರಿಗೂ ಮಸಾಲೆ ದೋಸೆ. ಬೆರಳಚ್ಚು, ಮುಖಚಹರೆಯ ಮೂಲಕ ಮನೆಯಲ್ಲೇ ಕೂತು ಪ್ರಮಾಣಪತ್ರ ಕೊಡಬಹುದಾದ ಮೇಲೂ ಈ ಪ್ರಯಾಣ ನಿಲ್ಲಲಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಕಾರ್ಡನ್ನೂ ಇಬ್ಬರಿಗೂ ಬೇರೆಬೇರೆಯಾಗಿ ಮಾಡಿಸಿ, ಅಮ್ಮನದನ್ನು ಅಮ್ಮನ ಕೈಗೇ ಕೊಟ್ಟಿದ್ದರು. ಹೆಂಡತಿಗೆ ಗೊತ್ತಿರಲಿ ಎಂದು ಬಾಯಲ್ಲಿ ಹೇಳುವ ಗಂಡಂದಿರು ಬೇಕಾದಷ್ಟು ಇದ್ದಾರೆ. ಅವಳೇ ಮಾಡಲಿ ಎಂದು ಪಕ್ಕದಲ್ಲಿ ಕಾದು ಕೂರುವ ತಾಳ್ಮೆ ಅಪ್ಪನಿಗಿತ್ತು.

ಒಂದು ಶ್ರೇಣಿ ಒಂದು ಪಿಂಚಣಿಯ ಪರಿಷ್ಕರಣೆಯ ಹಿಂಬಾಕಿಯನ್ನು 70 ದಾಟಿದವರಿಗೆ 2023ರ ಜೂನ್ 30ರೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅಪ್ಪನ ಕೈಸೇರಿದ ಕೊನೆಯ ದೊಡ್ಡ ಮೊತ್ತ ಅದು. ಠೇವಣಿ ಇಡಿ ಎಂದೆ. ಅವರು ಅಮ್ಮನಿಗೆ ಎರಡು ಬಳೆ ಮಾಡಿಸಿದರು. ತೊಂಬತ್ತರ ದಶಕದಲ್ಲಿ ಮೊದಲ ಬೋರು ಬತ್ತಿದಾಗ ಎರಡನೆಯದಕ್ಕೆಂದು ಅಮ್ಮ ತವರಿನ ಬಳೆ ಬಿಚ್ಚಿಕೊಟ್ಟಿದ್ದರು. "ಅದು ಸಾಲ ಮಗಾ. ಸಾಲ ತೀರಿಸೋವಾಗ ಬಡ್ಡಿ ಎಲ್ಲಿ ಜಾಸ್ತಿ ಅಂತ ನೋಡ್ತಾರಾ?" ಅಂದರು. ಆರು ತಿಂಗಳೊಳಗೆ ಹೃದಯಾಘಾತವಾಯಿತು.

ಅಮ್ಮ ಅಳುತ್ತಲೇ ಮೊದಲು ಹೇಳಿದ ಹಣದ ಮಾತು, ಎಟಿಎಂ ಕಾರ್ಡನ್ನು ಯಾರೂ ಮುಟ್ಟಬೇಡಿ ಎಂಬುದು. ಪಿಂಚಣಿ ಸಲ್ಲುವುದು ತೀರಿಕೊಂಡ ದಿನದವರೆಗೆ, ಕುಟುಂಬ ಪಿಂಚಣಿ ಮರುದಿನದಿಂದ. ನಡುವೆ ಹೆಚ್ಚಾಗಿ ಜಮೆಯಾದದ್ದು ಸರ್ಕಾರಕ್ಕೆ ವಾಪಸು ಹೋಗಬೇಕು. ತಿಥಿಯ ಖರ್ಚಿಗೆಂದು ತೆಗೆದವರು ಮುಂದೆ ಕಟ್ಟಿಕೊಡಬೇಕಾಗುತ್ತದೆ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ, ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲಿನಲ್ಲಿ ತಿಳಿಸಿದೆವು. ಹೆಸರು, ತಾರೀಖು, ಖಾತೆ ಎಲ್ಲ ತಾಳೆಯಾದವು. ಬ್ಯಾಂಕಿನವರು ಮಾತ್ರ ಹೊಸ ಖಾತೆ ತೆರೆಯಲೇಬೇಕೆಂದು ಕೂತರು. ಪಿಪಿಒದಲ್ಲಿ ಹೆಸರಿರುವ ಹೆಂಡತಿಯೇ ಜಂಟಿ ಖಾತೆದಾರಳಾಗಿದ್ದರೆ ಅದೇ ಖಾತೆ ಸಾಕು, ಹೊಸದಕ್ಕೆ ಒತ್ತಾಯಿಸಬಾರದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಅದನ್ನು ಮ್ಯಾನೇಜರಿಗೆ ಹೇಳಿದ್ದು ನಾನಲ್ಲ, ಅಮ್ಮ. ನಾನು ಪಕ್ಕದಲ್ಲಿ ನಿಂತಿದ್ದೆ.

ಜಮೀನಿನ ಪೌತಿ ಖಾತೆ ನಿಧಾನವಾಗಿ ಆಯಿತು: ನಾಡಕಚೇರಿ, ವಂಶವೃಕ್ಷ, ಮಕ್ಕಳೆಲ್ಲರ ಒಪ್ಪಿಗೆ.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಸೇನೆಯಿಂದ ಬಂದವರು ಇನ್ನೂ ಇದ್ದಾರೆ. ಈಗ ಅವರ ಹೆಂಡತಿಯರು ಪಿಪಿಒ ಹಿಡಿದು ಅಮ್ಮನ ಹತ್ತಿರ ಬರುತ್ತಾರೆ. ಅಮ್ಮ ಕನ್ನಡಕ ಹಾಕಿಕೊಂಡು ಮೊದಲು ನೋಡುವುದು ಹೆಂಡತಿಯ ಹೆಸರು ಮತ್ತು ಹುಟ್ಟಿದ ತಾರೀಖನ್ನು, ಆಮೇಲೆ ಆಧಾರ್ ಕೇಳುತ್ತಾರೆ. ಕಳೆದ ತಿಂಗಳು ಬಂದಾಕೆಯ ಗಂಡನಿಗೆ ಪಾರ್ಶ್ವವಾಯು, ಮಾತು ನಿಂತಿದೆ. ದಾಖಲೆಯಲ್ಲಿ ಆಕೆಯ ಹೆಸರಿನ ಜಾಗದಲ್ಲಿ ಅತ್ತೆಯ ಹೆಸರಿದೆ. ಗಂಡ ಹೆಬ್ಬೆಟ್ಟು ಒತ್ತಲು ಆಗುವಷ್ಟು ದಿನದೊಳಗೇ ಇದು ಆಗಬೇಕು ಎಂದು ಅಮ್ಮ ಆಕೆಯನ್ನು ಅವತ್ತೇ ನೋಟರಿಯ ಬಳಿಗೆ ಕರೆದುಕೊಂಡು ಹೋದರು. ಅರ್ಜಿ ಈಗ ರೆಕಾರ್ಡ್ಸ್ ಕಚೇರಿಯಲ್ಲಿದೆ.